ಸೋಮವಾರದ ನೀರು

ಹದಿನಾರು ವರ್ಷ ಒಂದೇ ಪಾಠ ಹೇಳುತ್ತ ಬಂದವರಿಗೆ ಆ ಪಾಠ ಒಂದು ದಿನ ತಮ್ಮ ಕೊರಳಿಗೇ ಬಂದು ಬೀಳುತ್ತದೆ ಅನ್ನುವುದು ಹೊಳೆಯುವುದಿಲ್ಲ. ಅನುಜಾಳಿಗೂ ಹೊಳೆದಿರಲಿಲ್ಲ.

ಟಿಳಕವಾಡಿಯ ಕಾನೂನು ಕಾಲೇಜಿನ ಎರಡನೆಯ ಮಹಡಿಯಲ್ಲಿ, ಗುರುವಾರ ಹನ್ನೊಂದರ ತಾಸಿಗೆ, ಅವಳು ಬೋರ್ಡಿನ ಮೇಲೆ ‘ರೂಢಿ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು. ದೇಶದೇಶಗಳ ನಡುವಿನ ಕಾನೂನಿಗೆ ಬುನಾದಿ ಎಲ್ಲಿದೆ ಎಂಬುದು ಅಂದಿನ ಪಾಠ. ದೇಶಗಳ ಮೇಲೆ ರಾಜನಿಲ್ಲ, ಫೌಜದಾರನಿಲ್ಲ. ಬರೆದುಕೊಂಡ ಒಪ್ಪಂದವಿದೆ, ಬರೆಯದೆಯೂ ನಡೆದುಬಂದ ರೂಢಿಯಿದೆ. ಆದರೆ ನಡೆದುಬಂದದ್ದೆಲ್ಲ ಕಾನೂನಲ್ಲ ಎಂದು ಅವಳು ಪ್ರತಿ ವರ್ಷದಂತೆ ಈ ವರ್ಷವೂ ಹೇಳಿದಳು. ಪರದೇಶದ ಅಧ್ಯಕ್ಷರು ಬಂದರೆ ಎಲ್ಲರೂ ಕೆಂಪು ಹಾಸು ಹಾಸುತ್ತಾರೆ. ಒಂದು ಸಲ ಹಾಸದಿದ್ದರೆ ಮರ್ಯಾದೆ ಕಡಿಮೆಯಾಯಿತು ಅನ್ನಬಹುದು, ಕಾನೂನು ಮುರಿಯಿತು ಅನ್ನುವವರಿಲ್ಲ. ಆದರೆ ಒಬ್ಬ ರಾಯಭಾರಿಯನ್ನು ಹಿಡಿದು ಕೋಣೆಯಲ್ಲಿ ಕೂಡಿಹಾಕಿದರೆ ಕೂಡಿಹಾಕಿದವರೇ ನೂರು ಕಾರಣ ಹೇಳುತ್ತ ತಿರುಗುತ್ತಾರೆ. ಹೀಗೆ ಮಾಡಲೇಬೇಕು, ಇದು ನಮ್ಮ ಮೇಲಿನ ಕಟ್ಟು ಎಂಬ ನಂಬಿಕೆ ಒಳಗೆ ಇದ್ದರೆ ಮಾತ್ರ ರೂಢಿ ಕಾನೂನಾಗುತ್ತದೆ. ಇಲ್ಲದಿದ್ದರೆ ಅದು ಬರಿಯ ಸೌಜನ್ಯ.

ಹಿಂದಿನ ಬೆಂಚಿನ ಸುಜಯ ಎದ್ದು ನಿಂತು, ಪೊಲೀಸರಿಲ್ಲದ ಕಾನೂನು ಅಂದರೆ ನಮ್ಮ ರೈಲ್ವೆ ಗೇಟಿನಂಗ ಮೇಡಂ, ಎಲ್ಲಾರೂ ಕೆಳಗ ಬಗ್ಗೇ ದಾಟತಾರ ಎಂದ. ತರಗತಿ ನಕ್ಕಿತು. ಅನುಜಾ ಕೂಡ ನಕ್ಕು, ಬಗ್ಗಿ ದಾಟೂವಾಗ ಯಾರರ ನೋಡ್ಯಾರೇನಂತ ಆಜುಬಾಜು ಯಾಕ ನೋಡತೀಪಾ ಎಂದು ಕೇಳಿದಳು. ತಪ್ಪಿದವನ ಮುಖ ನೋಡಬೇಕು, ನಿಯಮ ಇತ್ತೋ ಇಲ್ಲವೋ ಅಲ್ಲಿ ಗೊತ್ತಾಗುತ್ತದೆ ಎಂದು ಅವಳು ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು.

ಸ್ಟಾಫ್ ರೂಮಿಗೆ ಬಂದು ಫೋನು ತೆಗೆದರೆ ಊರಿನಿಂದ ಒಂದು ಫೋಟೋ ಬಂದಿತ್ತು. ಟೈಪು ಮಾಡಿದ ಕಾಗದ, ಕೆಳಗೆ ಮಸಿಯಲ್ಲಿ ಒತ್ತಿದ ಗುಂಡನೆಯ ಸಿಕ್ಕಾ. ಗುಡ್ಡದಕೊಪ್ಪದ ನೀರು ಬಳಕೆದಾರರ ಸಮಿತಿಯು ಬಸ್ತಿಹಾಳದ ಗ್ರಾಮಸ್ಥರಿಗೆ ಬರೆದ ಉತ್ತರ ಅದು.

‘ತಮ್ಮ ವಿನಂತಿಯನ್ನು ಸಮಿತಿಯು ಪರಿಶೀಲಿಸಿದೆ. ಸೋಮವಾರದ ನೀರನ್ನು ನಮ್ಮ ಗ್ರಾಮದ ಹಿರಿಯರು ಔದಾರ್ಯದಿಂದ ಬಿಡುತ್ತ ಬಂದಿರುವುದಾಗಿ ತಾವೇ ತಮ್ಮ ಪತ್ರದಲ್ಲಿ ತಿಳಿಸಿರುತ್ತೀರಿ. ಈ ವರ್ಷ ಕಬ್ಬಿನ ಕ್ಷೇತ್ರ ಹೆಚ್ಚಾದ ಕಾರಣ ತಮ್ಮ ವಿನಂತಿಯನ್ನು ಮಾನ್ಯ ಮಾಡಲು ಆಗುತ್ತಿಲ್ಲ.’

ಅನುಜಾ ಅದನ್ನು ಎರಡು ಸಲ ಓದಿದಳು. ಮೂರನೆಯ ಸಲ ಓದಲು ಧೈರ್ಯ ಬರಲಿಲ್ಲ. ಅದರಲ್ಲಿ ಹೇಳಿದ ಬಸ್ತಿಹಾಳದ ವಿನಂತಿ ಪತ್ರ ಬರೆದವಳು ಅವಳೇ.

ಬಸ್ತಿಹಾಳ ಅನುಜಾಳ ತವರು. ಖಾನಾಪುರದಿಂದ ಬೀಡಿ ಎಂಬ ಊರಿನ ಕಡೆ ಹೋಗುವ ದಾರಿಯಲ್ಲಿ ಎಡಕ್ಕೆ ಹೊರಳಿದರೆ ಮೊದಲು ಗುಡ್ಡದಕೊಪ್ಪ ಸಿಗುತ್ತದೆ; ಅದನ್ನು ದಾಟಿ, ಹಳ್ಳದ ಗುಂಟ ಎರಡು ಮೈಲಿ ಇಳಿದರೆ ಬಸ್ತಿಹಾಳ. ಮೇಲಿನ ಊರಿನವರು ಬಸವಣ್ಣನವರ ಒಕ್ಕಲು. ಕೆಳಗಿನ ಊರಿನಲ್ಲಿ ಜೈನರ ಮನೆಗಳೇ ಹೆಚ್ಚು, ನಡುವೆ ಬಸ್ತಿ ಎಂದು ಕರೆಯುವ ಕಲ್ಲಿನ ಹಳೆಯ ಬಸದಿ. ಎರಡೂ ಊರಿಗೆ ಇರುವುದು ಅದೊಂದೇ ಹಳ್ಳ. ಭತ್ತದ ಸುಗ್ಗಿ ಮುಗಿದ ಮೇಲೆ ಗುಡ್ಡದಕೊಪ್ಪದವರು ಒಡ್ಡಿನ ಬಾಯಿಗೆ ಹಲಗೆ ಇಳಿಸಿ ನೀರು ನಿಲ್ಲಿಸುತ್ತಿದ್ದರು. ವಾರದ ಆರು ದಿನ ನೀರು ಅವರದು. ರವಿವಾರ ಹೊತ್ತು ಮುಳುಗುವ ಮೊದಲು ಹಲಗೆ ಮೇಲೇಳಬೇಕು, ಮಂಗಳವಾರ ನಸುಕಿನವರೆಗೆ ನೀರು ಬಸ್ತಿಹಾಳಕ್ಕೆ ಹರಿಯಬೇಕು. ಕೆಳಗಿನ ಊರಿನ ಹಿಂಗಾರಿ ಕಡಲೆ, ಮೆಣಸಿನಕಾಯಿ, ಬದನೆ ಎಲ್ಲವೂ ನಿಂತಿದ್ದು ಆ ಒಂದು ದಿನದ ನೀರಿನ ಮೇಲೆ.

ಇದು ಯಾವ ಕಾಲಕ್ಕೆ ಶುರುವಾಯಿತೋ ಯಾರಿಗೂ ಗೊತ್ತಿಲ್ಲ. ಸೋಮವಾರ ಬಸವಣ್ಣನ ದಿನ, ಗುಡ್ಡದಕೊಪ್ಪದಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹೊಲದ ಕೆಲಸವೇ ಇಲ್ಲದ ದಿನ ನೀರು ಹಿಡಿದಿಟ್ಟುಕೊಂಡು ಮಾಡುವುದೇನು ಎಂದು ಯಾರೋ ಹಿರಿಯರು ಬಿಟ್ಟಿರಬೇಕು. ಮೊದಲ ದಿನ ಅದು ಸೌಜನ್ಯವೇ ಆಗಿದ್ದಿರಬಹುದು. ಆದರೆ ಮುಂದೆ ಅದಕ್ಕೊಂದು ರೀತಿ ಬಂತು. ಹಲಗೆ ಎತ್ತುವ ಕೈ ಬಸ್ತಿಹಾಳದ್ದು, ಮಂಗಳವಾರ ಇಳಿಸುವ ಕೈ ಗುಡ್ಡದಕೊಪ್ಪದ್ದು. ಎತ್ತುವವರು ಕೇಳುವುದಿಲ್ಲ, ಎತ್ತಿದ ಮೇಲೆ ಉಪಕಾರವಾಯಿತು ಅನ್ನುವುದಿಲ್ಲ. ಮೇಲಿನ ಊರಿನವರು ಆಗ ಒಡ್ಡಿನ ಮೇಲಿದ್ದರೆ ಗುಡ್ಡದ ಕಡೆ ಮುಖ ತಿರುಗಿಸಿ ಬೇರೆ ಏನೋ ನೋಡುತ್ತಾರೆ. ಎಂಟು ವರ್ಷದ ಅನುಜಾ ಒಮ್ಮೆ ಚಿಕ್ಕಪ್ಪ ಬಾಹುಬಲಿ ಕಾಕಾನ ಕೈ ಹಿಡಿದು ಹೋಗಿದ್ದಾಗ, ಅಲ್ಲಿ ಬೀಡಿ ಸೇದುತ್ತ ಕೂತಿದ್ದ ಮುದುಕನಿಗೆ ‘ಅಜ್ಜಾ, ನಿಮ್ಮ ನೀರ ಒಯ್ಯಾಕತ್ತೇವಿ’ ಎಂದಿದ್ದಳು. ಕಾಕಾ ಅವಳ ತಲೆಗೆ ಮೆಲ್ಲಗೆ ಮೊಟಕಿದ್ದರು. ಯಾಕೆಂದು ಆಗ ತಿಳಿದಿರಲಿಲ್ಲ.

ಎರಡು ವರ್ಷದ ಹಿಂದೆ ಹಳೆಯ ಮಣ್ಣಿನ ಒಡ್ಡು ಹೋಗಿ ಸಿಮೆಂಟಿನದು ಬಂತು. ಹಲಗೆಯ ಜಾಗಕ್ಕೆ ಕಬ್ಬಿಣದ ಗೇಟು, ಮೇಲೊಂದು ಗಾಲಿ. ಗಾಲಿಗೆ ಹುಡುಗರು ಜೋತುಬಿದ್ದು ಆಡುತ್ತಾರೆಂದು ಈ ವರ್ಷ ಸರಪಳಿ ಸುತ್ತಿ ಕೀಲಿ ಹಾಕಿದರು. ಕೀಲಿಕೈ ಸಮಿತಿಯ ಅಧ್ಯಕ್ಷನ ಹತ್ತಿರ. ಮೊದಲ ರವಿವಾರ ಅವನು ಧಾರವಾಡಕ್ಕೆ ಹೋಗಿದ್ದ. ಬಸ್ತಿಹಾಳದವರು ಕತ್ತಲಾಗುವವರೆಗೆ ನಿಂತು ಮರಳಿದರು. ಎರಡನೆಯ ರವಿವಾರ ಕೀಲಿಕೈ ಸಿಗುತ್ತಿಲ್ಲ ಎಂದರು. ಮೂರನೆಯ ವಾರ ಬಾಹುಬಲಿ ಕಾಕಾ ಅನುಜಾಳಿಗೆ ಫೋನು ಮಾಡಿದರು. ಅವರು ಸಲಹೆಗೆಂದು ಮಾಡಿರಲಿಲ್ಲ, ಮನಸ್ಸಿನ ಭಾರ ಇಳಿಸಿಕೊಳ್ಳಲು ಮಾಡಿದ್ದರು. ಬರೆದು ಕೊಡೋಣ, ಬರಹದಲ್ಲಿದ್ದರೆ ಭದ್ರ ಎಂದವಳು ಅನುಜಾ.

ಕಾಕಾ ಆಗ, ‘ಕೇಳಿದ್ರ ಅದು ಕೇಳಿದಂಗ ಆಗತದಲ್ಲವಾ’ ಎಂದಿದ್ದರು.

ಆ ಮಾತು ಅವಳ ಕಿವಿಗೆ ಬಿದ್ದಿತ್ತು, ತಲೆಗೆ ಇಳಿದಿರಲಿಲ್ಲ. ಅವತ್ತು ಬೆಳಿಗ್ಗೆ ಕುಕ್ಕರು ಒಲೆಯ ಮೇಲಿತ್ತು. ಹತ್ತನೆಯ ಇಯತ್ತೆಯ ಮಗಳು ಶರ್ವರಿಯ ಡಬ್ಬಿ ಇನ್ನೂ ತುಂಬಿರಲಿಲ್ಲ, ಗಂಡ ವಿನೀತನ ಅಂಗಿಗೆ ಇಸ್ತ್ರಿ ಆಗಿರಲಿಲ್ಲ, ಎಂಟೂವರೆಯ ತಾಸಿಗೆ ಅವಳು ತರಗತಿಯಲ್ಲಿರಬೇಕಿತ್ತು. ಅಡಿಗೆಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು, ಕಾಲೇಜಿನಿಂದ ಕಚೇರಿಗಳಿಗೆ ಬರೆದು ಬರೆದು ಕೈಗೆ ರೂಢಿಯಾದ ಧಾಟಿಯಲ್ಲೇ ಬರೆದಳು. ತಮ್ಮ ಗ್ರಾಮಸ್ಥರು ತಲೆತಲಾಂತರದಿಂದ ಔದಾರ್ಯ ತೋರಿ ನೀರು ಬಿಡುತ್ತ ಬಂದಿದ್ದು, ಈ ವರ್ಷವೂ ಕೃಪೆ ಮಾಡಬೇಕೆಂದು ವಿನಂತಿ. ಹತ್ತು ನಿಮಿಷವೂ ಹಿಡಿಯಲಿಲ್ಲ. ಊರಿನ ಮಗಳು ಅನುಜಾ ಓದಿದವಳು, ಸರಿಯಾಗಿಯೇ ಬರೆದಿರುತ್ತಾಳೆ ಎಂದು ನಲವತ್ತೊಂದು ಮನೆಯವರು ಕೆಳಗೆ ಸಹಿ ಹಾಕಿದರು. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರು.

ಯಾವ ಹಕ್ಕನ್ನು ಎಷ್ಟೋ ತಲೆಮಾರು ಯಾರನ್ನೂ ಕೇಳದೆ ನಡೆಸಿಕೊಂಡು ಬಂದಿದ್ದರೋ ಅದನ್ನು ಅವಳು ಹತ್ತು ನಿಮಿಷದಲ್ಲಿ ಭಿಕ್ಷೆ ಮಾಡಿಬಿಟ್ಟಿದ್ದಳು. ಸೌಜನ್ಯಕ್ಕೂ ಕಟ್ಟಿಗೂ ಇರುವ ಭೇದವನ್ನು ಹದಿನಾರು ವರ್ಷ ಕಲಿಸಿದವಳು.

ಸಮಿತಿಯ ಅಧ್ಯಕ್ಷನ ಹೆಸರು ಉತ್ತರದ ಕೆಳಗಿತ್ತು: ಗೌರೀಶ. ಅವನನ್ನು ಅವಳು ಬಲ್ಲಳು. ಐದು ವರ್ಷದ ಹಿಂದೆ ಇದೇ ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕೂತು ಪಾಠ ಕೇಳಿದವನು, ಒಳ್ಳೆಯ ಅಂಕ ತೆಗೆದವನು, ವಕೀಲಿ ಮಾಡದೆ ಊರಿಗೆ ಮರಳಿ ಕಬ್ಬು ಹಚ್ಚಿದವನು.

ಮನೆಯಲ್ಲಿ ಹೇಳಿದಾಗ ವಿನೀತ ಅವಳನ್ನು ನಗಿಸಲು ನೋಡಿದ. ನೀ ಅದನ್ನ ಇಂಗ್ರೇಜಿಯೊಳಗ ಬರದಿದ್ರ ಅವರಿಗೆ ಅರ್ಥ ಆಗತಿದ್ದಿಲ್ಲ, ಕನ್ನಡದಾಗ ಬರದದ್ದ ತಪ್ಪಾತು ಎಂದ. ಅವಳು ನಗಲಿಲ್ಲ. ಕೋರ್ಟಿಗೆ ಹೋದರೆ ಆಗದೇ ಎಂದು ಕೇಳಿದ. ಹೋಗಬಹುದು ಎಂದಳು; ಆದರೆ ಊರಿನವರು ಕೇಳಿದಾಗ ತಾಲೂಕು ಕಚೇರಿಯವರು ಈಗಾಗಲೇ ನಿಮ್ಮ ನಿಮ್ಮೊಳಗೆ ಹೊಂದಿಕೊಳ್ಳಿ ಅಂದಿದ್ದರು. ಕೋರ್ಟು ತೀರ್ಪು ಕೊಡುವ ಹೊತ್ತಿಗೆ ಹತ್ತು ಹಿಂಗಾರಿ ಕಳೆದಿರುತ್ತವೆ, ಕೋರ್ಟಿನಲ್ಲಿ ಮೊದಲು ಓದುವುದೂ ಅವಳು ಬರೆದ ಆ ಪತ್ರವನ್ನೇ. ರವಿವಾರ ಒಡ್ಡಿನ ಮೇಲೆ ಎರಡೂ ಊರಿನವರು ಕೂಡುತ್ತಾರೆ, ನಾನು ಹೋಗುತ್ತೇನೆ ಎಂದಳು.

ರವಿವಾರ ಬೆಳಗಿನ ಬಸ್ಸಿಗೆ ಖಾನಾಪುರಕ್ಕೆ ಹೋಗಿ, ಅಲ್ಲಿಂದ ಟಂಟಂ ರಿಕ್ಷಾ ಹಿಡಿದು ಊರು ಮುಟ್ಟಿದಾಗ ಕಾಕಾ ಬಸ್ತಿಯ ಕಟ್ಟೆಯ ಮೇಲೆ ಕೂತಿದ್ದರು. ಎಪ್ಪತ್ತು ದಾಟಿದ ಮನುಷ್ಯ. ಮೈ ಇಳಿದಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು. ಅವಳು ಕಾಲು ಮುಟ್ಟಿ, ತಪ್ಪಾಯಿತು ಎಂದಳು. ಅವರು ಬೈಯಲಿಲ್ಲ. ಇಲ್ಲೇ ಹಲಸಿಯೊಳಗ ಯಾವುದೋ ರಾಜಾ ಬಸ್ತಿಗೆ ಕೊಟ್ಟ ದಾನಾನ ತಾಮ್ರದ ಮ್ಯಾಲ ಬರಸಿ ಕೊಟ್ಟಿದ್ದನಂತ, ನಮಗೂ ಒಂದು ತಗಡು ಕೊಟ್ಟಿದ್ರ ನಿನಗ ಇಷ್ಟು ತ್ರಾಸ ಆಗತಿದ್ದಿಲ್ಲ ಎಂದು ನಕ್ಕರು. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಅವಳು ದಾರಿಯುದ್ದಕ್ಕೂ ಒಂದೇ ಪ್ರಶ್ನೆಯನ್ನು ತಿರುವಿ ಹಾಕುತ್ತ ಬಂದಿದ್ದಳು. ಅದನ್ನು ಕೇಳಿದಳು. ಇಷ್ಟು ವರ್ಷದಲ್ಲಿ ಗುಡ್ಡದಕೊಪ್ಪದವರು ಸೋಮವಾರದ ನೀರು ಯಾವಾಗಲಾದರೂ ತಪ್ಪಿಸಿದ್ದರೇ? ತಪ್ಪಿಸಿದ್ದರೆ, ಆಮೇಲೆ ಏನು ಮಾಡಿದರು?

ಕಾಕಾನ ನಗೆ ನಿಂತಿತು. ಬಸ್ತಿಯ ಹೊಸ್ತಿಲಿನ ಕಡೆ ನೋಡಿದರು. ಆಮೇಲೆ ದನಿ ಇಳಿಸಿ ಹೇಳಿದರು.

ಒಂದು ಸಲ ತಪ್ಪಿತ್ತು. ಕಾಕಾ ಆಗ ತೊಡೆಯ ಮೇಲಿನ ಕೂಸು. ಅವರಿಗೆ ಹೇಳಿದ್ದು ಅವರ ಅಪ್ಪ. ಮಳೆ ಕೈಕೊಟ್ಟ ವರ್ಷ, ಮೇಲಿನ ಊರಿನವರು ಶನಿವಾರ ರಾತ್ರಿ ಹಲಗೆಯ ಹಿಂದೆ ಮಣ್ಣು ತುಂಬಿ ಗಟ್ಟಿ ಮಾಡಿ ಸೋಮವಾರದ ನೀರು ತಾವೇ ಇಟ್ಟುಕೊಂಡರು. ಬಸ್ತಿಹಾಳದವರು ಹಲಗೆ ಎತ್ತಲು ಆಗದೆ ತಿರುಗಿ ಬಂದರು. ಜಗಳಕ್ಕೆ ಹೋಗಲಿಲ್ಲ. ಬುಧವಾರ ಬೆಳಿಗ್ಗೆ ಗುಡ್ಡದಕೊಪ್ಪದ ಐದು ಮಂದಿ ಹಿರಿಯರು ತಾವಾಗಿಯೇ ಇಳಿದು ಬಂದರು, ತಲೆಯ ಮೇಲೆ ರುಮಾಲಿಲ್ಲದೆ. ಬಸ್ತಿಯ ಮುಂದೆ ಬರಿತಲೆಯಲ್ಲಿ ನಿಂತು, ನಮ್ಮ ಕಡೆಯಿಂದ ತಪ್ಪಾಯಿತು, ಹೊಟ್ಟೆಯ ಸಂಕಟಕ್ಕೆ ಮಾಡಿದೆವು ಎಂದರು. ಮುಂದಿನ ವಾರ ಎರಡು ದಿನದ ನೀರು ಬಿಟ್ಟರು. ಆಗ ಬಸ್ತಿಹಾಳದ ಹಿರಿಯರು ಇದೇ ಹೊಸ್ತಿಲಿಗೆ ಕೈ ಹಚ್ಚಿ ಮಾತು ಕೊಟ್ಟರು: ಕ್ಷಮೆ ಮಾಡಿದ್ದು ಮುಗಿಯಿತು, ನೀವು ಬರಿತಲೆಯಲ್ಲಿ ನಿಂತದ್ದು ನಮ್ಮ ಊರಿನವರ ಬಾಯಿಂದ ಎಂದೂ ಹೊರಬೀಳುವುದಿಲ್ಲ.

ಇದಕ್ಕಿಂತ ದೊಡ್ಡ ಪುರಾವೆ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ದಾನ ಕೊಡುವವನು ಒಂದು ದಿನ ಕೊಡದಿದ್ದರೆ ಬರಿತಲೆಯಲ್ಲಿ ಬಂದು ನಿಲ್ಲುವುದಿಲ್ಲ. ಋಣ ಇದ್ದವನು ನಿಲ್ಲುತ್ತಾನೆ.

‘ಕಾಕಾ, ಇದನ್ನ ಹೇಳಿದ್ರ ಸಾಕು. ಇವತ್ತ ಗೇಟು ತಗೀತದ.’

‘ಹೇಳೂಹಂಗಿಲ್ಲ’ ಎಂದರು ಕಾಕಾ. ‘ಮಗಳಂತ ನಿನಗ ಹೇಳೇನಿ. ಹೊರಗ ಹೇಳಿದ್ರ ನೀರ ಬರಬಹುದು. ಆದ್ರ ಬಸ್ತಿಹಾಳದವ್ರ ಮಾತಿಗೆ ಕಿಮ್ಮತ್ತು ಉಳೀತದೇನು?’

ಅವಳು ವಾದಿಸಿದಳು. ಮಾತು ಕೊಟ್ಟವರಾಗಲಿ ತೆಗೆದುಕೊಂಡವರಾಗಲಿ ಒಬ್ಬರೂ ಉಳಿದಿಲ್ಲ, ಕಾಗದವಿಲ್ಲ, ಸಾಕ್ಷಿಯಿಲ್ಲ, ಅವರೇ ರೂಢಿ ಮುರಿದ ಮೇಲೆ ನಮಗೇನು ಕಟ್ಟು ಎಂದೆಲ್ಲ ಅಂದಳು. ಕಾಕಾ ಎಲ್ಲ ಕೇಳಿಸಿಕೊಂಡು, ಸೋಮವಾರದ ನೀರಿಗೂ ಕಾಗದ ಇಲ್ಲಲ್ಲವಾ, ಅದಕ್ಕೂ ಇದಕ್ಕೂ ಒಂದ ಬುಡ ಎಂದಷ್ಟೇ ಹೇಳಿ ಊಟಕ್ಕೆ ಎದ್ದರು. ಚಿಕ್ಕಮ್ಮ ಶಾಂತಮ್ಮ ಜೋಳದ ರೊಟ್ಟಿ, ಬದನೆಕಾಯಿ ಪಲ್ಲೆ ಬಡಿಸಿದರು. ಶಾಂತಮ್ಮ ಗಿಡದಲ್ಲಿರುವ ಬದನೆಕಾಯಿ ಮುಗಿಯುತ್ತ ಬಂದವು, ಇನ್ನೊಂದು ವಾರ ನೀರಿಲ್ಲದಿದ್ದರೆ ಕಿತ್ತು ಹಾಕುವುದೇ ಎಂದು ತಮ್ಮ ಪಾಡಿಗೆ ತಾವು ಹೇಳುತ್ತಿದ್ದರು. ಅದನ್ನು ಅವರು ಕುಟುಕಲೆಂದು ಹೇಳಿರಲಿಲ್ಲ. ಆದರೂ ಕುಟುಕಿತು.

ನಾಲ್ಕು ಗಂಟೆಗೆ ಒಡ್ಡಿನ ಮೇಲೆ ಜನ ಕೂಡಿದರು. ಗುಡ್ಡದಕೊಪ್ಪದವರು ಆಚೆ, ಬಸ್ತಿಹಾಳದವರು ಈಚೆ, ನಡುವೆ ಸರಪಳಿ ಸುತ್ತಿದ ಗಾಲಿ. ಒಡ್ಡಿನ ಹಿಂದೆ ನೀರು ತುಂಬಿ ಸದ್ದಿಲ್ಲದೆ ನಿಂತಿತ್ತು. ಮುಂದೆ ಹಳ್ಳದ ಕಲ್ಲುಗಳು ಬಿಳಿಚಿಕೊಂಡಿದ್ದವು. ಗೌರೀಶನ ಅಜ್ಜಿ ಶಿವಲಿಂಗವ್ವ ಕೂಡ ಬಂದಿದ್ದಳು. ಎಂಬತ್ತನಾಲ್ಕರ ಮುದುಕಿ, ಊರಿನಲ್ಲಿ ಎಲ್ಲರಿಗಿಂತ ಹಿರಿಯಳು. ಒಡ್ಡಿಗೆ ಹತ್ತಿದ ಹೊಲ ಅವಳದೇ ಆದ್ದರಿಂದ ಬದುವಿನ ಮೇಲೆ ಕೋಲು ಊರಿಕೊಂಡು ಕೂತಿದ್ದಳು.

ಗೌರೀಶ ಅನುಜಾಳನ್ನು ಕಂಡು ಎದ್ದು ನಿಂತ. ಬರ್ರಿ ಮೇಡಂ, ಕುಂದರ್ರಿ ಎಂದು ತನ್ನ ಟವೆಲನ್ನೇ ಕಲ್ಲಿನ ಮೇಲೆ ಹಾಸಿದ. ಅದರಲ್ಲಿ ನಾಟಕವಿರಲಿಲ್ಲ. ಆಮೇಲೆ ಜೇಬಿನಿಂದ ಅವಳ ಪತ್ರ ತೆಗೆದು ಎಲ್ಲರಿಗೂ ಕೇಳುವಂತೆ ಓದಿದ. ಔದಾರ್ಯ, ಕೃಪೆ, ವಿನಂತಿ. ಒಂದೊಂದು ಶಬ್ದವೂ ನಿಂತ ನೀರಿನಲ್ಲಿ ಕಲ್ಲು ಹಾಕಿದಂತೆ ಕೇಳಿಸಿತು. ಸಹಿ ಹಾಕಿದ ನಲವತ್ತೊಂದು ಮನೆಯವರು ತಲೆ ತಗ್ಗಿಸಿದರು.

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಊರಿನಲ್ಲಿ ಕಬ್ಬು ಹೆಚ್ಚಾಗಿದೆ, ಆರು ದಿನದ ನೀರು ಸಾಲುತ್ತಿಲ್ಲ, ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರ್ ಬಂದಿವೆ, ಅವಕ್ಕೆ ಸೋಮವಾರದ ಸೂಟಿ ಇಲ್ಲ ಎಂದ. ಆ ಕಡೆಯವರು ನಕ್ಕರು. ಆಮೇಲೆ ಅವನು ಅವಳ ಕಡೆ ತಿರುಗಿದ.

‘ಮೇಡಂ, ನೀವ ಕಲಿಸಿದ್ದು. ಮಾಡಿಕೊಂಡ ಬಂದೀವಿ ಅಂದ್ರ ಸಾಲೂದಿಲ್ಲ, ಮಾಡಲೇಬೇಕು ಅನ್ನೂ ನಂಬಿಗಿ ಇರಬೇಕು ಅಂತ. ನಮ್ಮ ಹಿರ್ಯಾರು ಇದನ್ನ ಕಟ್ಟು ಅಂತ ತಿಳದಿದ್ರು ಅನ್ನೂದಕ್ಕ ಒಂದ, ಒಂದ ಪುರಾವೆ ಕೊಡ್ರಿ. ಈಗಿಂದೀಗ ಕೀಲಿ ತಗೀತೇನಿ.’

ಅವನು ನಿಜವಾಗಿಯೂ ತೆಗೆಯುತ್ತಿದ್ದ. ಅವಳಿಗೆ ಅದು ಅವನ ಕಣ್ಣಿನಲ್ಲಿ ಕಂಡಿತು. ಪುರಾವೆ ಅವಳ ನಾಲಿಗೆಯ ತುದಿಯಲ್ಲಿತ್ತು. ಒಂದು ವಾಕ್ಯ ಆಡಿದ್ದರೆ ಆಗುತ್ತಿತ್ತು. ಅವಳು ಕಾಕಾನನ್ನು ನೋಡಿದಳು. ಕಾಕಾ ಅವಳನ್ನು ತಡೆಯಲಿಲ್ಲ, ಕಣ್ಸನ್ನೆಯನ್ನೂ ಮಾಡಲಿಲ್ಲ. ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು ನೆಲ ನೋಡುತ್ತ ಕೂತಿದ್ದರು. ಅದು ಅವಳಿಗೇ ಬಿಟ್ಟದ್ದು.

ಪೊಲೀಸರಿಲ್ಲ, ಮೇಲೆ ಯಾರೂ ಇಲ್ಲ. ಆಡಿದರೆ ತಡೆಯುವವರಿಲ್ಲ, ಆಡದಿದ್ದರೆ ಮೆಚ್ಚುವವರೂ ಇಲ್ಲ. ಇಂಥ ಜಾಗದಲ್ಲಿಯೇ ಕಾನೂನು ಹುಟ್ಟುತ್ತದೆ ಎಂದು ಅವಳು ಎಷ್ಟು ಸಲ ಹೇಳಿದ್ದಳೋ. ಹೇಳುವಾಗ ಕೈಯಲ್ಲಿ ಬಳಪ ಇರುತ್ತಿತ್ತು, ಎದುರಿಗೆ ಶಾಂತಮ್ಮನ ಬದನೆಗಿಡ ಇರುತ್ತಿರಲಿಲ್ಲ.

‘ಈ ಪತ್ರ ಬರದಾಕಿ ನಾನು, ಗೌರೀಶ’ ಎಂದಳು. ‘ಊರಿನವ್ರು ನನ್ನ ನಂಬಿ ಸಹಿ ಮಾಡ್ಯಾರ. ತಪ್ಪು ನಂದು, ಅವರದಲ್ಲ. ಅದರಾಗಿನ ಮಾತು ನಾ ಹಿಂದ ತಗೋತೇನಿ.’

‘ಅದ ಆತ್ರಿ ಮೇಡಂ. ಆದ್ರ ಪುರಾವೆ?’

‘ಅದನ್ನ ಹೇಳಾಕ ನಮಗ ಬರೂದಿಲ್ಲ.’

ಆ ಕಡೆಯಿಂದ ಒಬ್ಬ, ಇದ್ರ ತಾನ ಹೇಳೂದು ಎಂದು ಕೊಂಕು ನುಡಿದ. ಗೌರೀಶ ಅವನನ್ನು ಸುಮ್ಮನಿರಿಸಿ, ಬರೂದಿಲ್ಲ ಅಂದ್ರೇನು, ಇಲ್ಲ ಅಂತನೋ ಎಂದು ಕೇಳಿದ. ಅನುಜಾ ಅವನ ಕಡೆಗೇ ತಿರುಗಿದಳು.

‘ಒಂದು ಮಾತಿಗೆ ಕಟ್ಟುಬಿದ್ದೇವಿ. ಅದರ ಮ್ಯಾಲ ನನ್ನ ಕೇಳಬ್ಯಾಡಪಾ.’

ಬದುವಿನ ಮೇಲಿನ ಕೋಲು ಅಲ್ಲಾಡಿತು. ಶಿವಲಿಂಗವ್ವ ಮುಖ ಎತ್ತಿ, ಯಾವ ಮಾತಿಗೆ ಎಂದು ಕೇಳಿದಳು. ಅವಳು ಕೇಳಿದ್ದು ಅನುಜಾಳನ್ನಲ್ಲ, ಕಾಕಾನನ್ನು.

ಕಾಕಾ ಮೊದಲ ಸಲ ನೆಲದಿಂದ ಕಣ್ಣೆತ್ತಿದರು. ‘ನಿಮಗ ಗೊತ್ತಿರೂ ಮಾತಿಗೆ, ಅವ್ವಾರ.’

ಒಡ್ಡಿನ ಹಿಂದೆ ಒಂದು ಕೊಕ್ಕರೆ ಎದ್ದು ಹಾರಿ ಇನ್ನೊಂದು ದಂಡೆಗೆ ಕೂತಿತು. ಮುದುಕಿ ಕೋಲಿನ ಮೇಲೆ ಎರಡೂ ಕೈ ಇಟ್ಟು, ಅದರ ಮೇಲೆ ಗದ್ದ ಊರಿ, ಎಷ್ಟೋ ಹೊತ್ತು ಬಸ್ತಿಹಾಳದವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಅವರಲ್ಲಿ ಮುಕ್ಕಾಲು ಮಂದಿಗೆ ಆ ಮಾತೇ ಗೊತ್ತಿರಲಿಲ್ಲ. ಏನೆಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಅದನ್ನು ಕಂಡೇ ಅವಳ ಕಣ್ಣು ತುಂಬಿತೆಂದು ತೋರುತ್ತದೆ.

‘ಲೇ ಗೌರ್ಯಾ, ಆ ಕಾಗದ ಮಡಚು’ ಎಂದಳು. ‘ಔದಾರ್ಯ ಮಾಡಿದವ ಬರೇ ತಲೀಲೆ ಹೋಗತಾನೇನಲೇ?’

ಗೌರೀಶನಿಗೆ ತಿಳಿಯಲಿಲ್ಲ. ಅವಳು ಹೇಳಿದಳು. ಅವಳು ಮದುವೆಯಾಗಿ ಬಂದ ಮೊದಲ ವರ್ಷವೇ ಅದು. ಹಲಗೆಯ ಹಿಂದೆ ಮಣ್ಣು ತುಂಬಿದ ರಾತ್ರಿ ಬುಟ್ಟಿ ಹೊತ್ತವರಲ್ಲಿ ಅವಳ ಗಂಡನೂ ಇದ್ದ. ಮಾವನಿಗೆ ಸೋಮವಾರ ಗೊತ್ತಾಯಿತು. ಎರಡು ದಿನ ಅವನು ಬಾಯಿಗೆ ನೀರು ಹಾಕಲಿಲ್ಲ. ಬುಧವಾರ ನಸುಕಿನಲ್ಲಿ ರುಮಾಲು ಬಿಚ್ಚಿ ಗೂಟಕ್ಕೆ ಸಿಗಿಸಿ, ನಾಲ್ಕು ಮಂದಿಯನ್ನು ಕರೆದುಕೊಂಡು ಹಳ್ಳದ ಗುಂಟ ಇಳಿದು ಹೋದ. ಆ ಹೊತ್ತಿನವರೆಗೆ ಮಾವನ ಬರಿತಲೆಯನ್ನು ಹೊಸ ಸೊಸೆ ಕಂಡಿರಲಿಲ್ಲ. ತಿರುಗಿ ಬಂದು ಅವನು ಅಂದದ್ದು ಒಂದೇ ಮಾತು: ಬಸ್ತಿಹಾಳದವರು ನಮ್ಮ ತಪ್ಪನ್ನು ಹೊಟ್ಟೆಯಲ್ಲಿ ಹಾಕಿಕೊಂಡರು, ಹೊರಗೆ ಹಾಕುವುದಿಲ್ಲ ಅಂದಿದ್ದಾರೆ.

‘ನಾ ನಂಬಲಿಲ್ಲ’ ಎಂದಳು ಮುದುಕಿ. ‘ಇಂದ ಅಂತಾರ, ನಾಳೆ ಅಂತಾರ ಅಂತ ಕಾದೆ. ಸಂತ್ಯಾಗ ಜಗಳ ಆದವು, ದನದ ಸಲುವಾಗಿ ಬಡದಾಡಿದ್ರು, ಚುನಾವಣ್ಯಾಗ ತಲೀ ಒಡಕೊಂಡ್ರು. ಒಬ್ಬರ ಬಾಯಾಗೂ ಬರಲಿಲ್ಲ. ಇವತ್ತ ಅವರ ನೀರ ಹೋಗಾಕತ್ತೇತಿ, ಇವತ್ತೂ ಬರಲಿಲ್ಲ. ಅವರು ಮಾತ ಇಟ್ಟಾರ. ನಾವು?’

ಗೌರೀಶ ಕಾಗದವನ್ನು ಮಡಚಿದ. ಮಡಚುತ್ತ ಮಡಚುತ್ತ ಅದು ಬೆರಳಿನಷ್ಟಾಯಿತು. ಅವನು ಅನುಜಾಳ ಮುಖ ನೋಡಿದಾಗ ಅವಳಿಗೆ ಐದು ವರ್ಷದ ಹಿಂದಿನ ಮೊದಲ ಬೆಂಚು ನೆನಪಾಯಿತು. ನಿಮಗ ಗೊತ್ತಿತ್ತಲ್ರಿ ಮೇಡಂ ಎಂದ, ಬಹಳ ಮೆಲ್ಲಗೆ. ಅವನು ಸರಪಳಿಯ ಕೀಲಿ ತೆಗೆದು, ಸರಪಳಿಯನ್ನು ಪೂರ್ತಿ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಇನ್ನು ಅದು ಇಲ್ಲಿ ಇರುವುದಿಲ್ಲ ಎಂದು ಅದರಿಂದಲೇ ತಿಳಿಯಬೇಕಿತ್ತು.

ಆದರೂ ಹೋಗುವ ಮುಂಚೆ, ತನ್ನ ಊರಿನವರ ಸಪ್ಪೆ ಮುಖ ನೋಡಿ, ಕಬ್ಬು ಒಣಗತಾವು ಅನ್ನೂದು ಖರೇನ ಅದ, ಮುಂದಿನ ವರ್ಷಕ್ಕ ಕೂಡಿ ಏನರ ದಾರಿ ಹುಡುಕಬೇಕು, ಬರದ ಇಡಬೇಕು ಎಂದ. ಕಾಕಾ ಕೂಡೂಣು ಎಂದರು. ಬರೆಯುವ ಮಾತಿಗೆ ಅನುಜಾ, ಎರಡೂ ಊರಿನವರು ಕೂತು ಹೇಳಿದರೆ ಹೇಳಿದಷ್ಟನ್ನೇ ಬರೆಯುತ್ತೇನೆ, ಅಡಿಗೆಕಟ್ಟೆಯ ಮೇಲೆ ಬರೆಯುವುದಿಲ್ಲ ಎಂದಳು. ಅದು ಯಾರಿಗೂ ಅರ್ಥವಾಗಲಿಲ್ಲ.

ಹೊತ್ತು ಗುಡ್ಡದ ನೆತ್ತಿಗೆ ಬಂದಿತ್ತು. ಬಸ್ತಿಹಾಳದ ಜೈನರು ರಾತ್ರಿ ಉಣ್ಣುವುದಿಲ್ಲ, ಕತ್ತಲಾಗುವುದರೊಳಗೆ ಊಟ ಮುಗಿಸಬೇಕು, ಹೊತ್ತು ಕಳೆಯುವಂತಿರಲಿಲ್ಲ. ಕಾಕಾ ಗಾಲಿಗೆ ಕೈ ಹಚ್ಚಿದರು. ಅದು ಮಿಸುಕಲಿಲ್ಲ. ಹಲಗೆ ಎತ್ತಿ ರೂಢಿಯಾದ ಕೈಗೆ ಕಬ್ಬಿಣದ ಗಾಲಿ ಹೊಸದು. ಗೌರೀಶನ ಕೈ ತಾನಾಗಿ ಮುಂದೆ ಬಂತು. ಅರ್ಧಕ್ಕೆ ನಿಂತಿತು, ಹಿಂದೆ ಸರಿಯಿತು. ಎತ್ತುವ ಕೈ ಬಸ್ತಿಹಾಳದ್ದೇ ಆಗಬೇಕು. ಅನುಜಾ ಹೋಗಿ ಕಾಕಾನ ಕೈಯ ಪಕ್ಕದಲ್ಲಿ ತನ್ನ ಕೈ ಇಟ್ಟಳು. ಗಾಲಿ ತಣ್ಣಗಿತ್ತು. ಇಬ್ಬರೂ ಭಾರ ಹಾಕಿ ಎಳೆದರು. ಮೊದಲು ಕಿರ್ರೆಂದಿತು, ಆಮೇಲೆ ಒಂದು ಹಲ್ಲು ಸರಿಯಿತು, ಇನ್ನೊಂದು ಸರಿಯಿತು. ಗೇಟಿನ ಅಡಿಯಿಂದ ಮೊದಲು ಕೆಸರು ಬಂತು, ಕೊಳೆತ ಎಲೆ ಬಂತು, ಕೊನೆಗೆ ನೀರು ಬಂತು. ಬಿಳಿಚಿದ ಕಲ್ಲುಗಳು ಒಂದೊಂದಾಗಿ ಕಪ್ಪಾಗುತ್ತ ಹೋದವು.

ಗುಡ್ಡದಕೊಪ್ಪದವರು ಒಬ್ಬೊಬ್ಬರಾಗಿ ಗುಡ್ಡದ ಕಡೆ ಮುಖ ತಿರುಗಿಸಿದ್ದರು. ಹುಡುಗರಿಗೆ ಯಾಕೆಂದು ಗೊತ್ತಿರಲಿಲ್ಲ. ದೊಡ್ಡವರು ತಿರುಗಿದರೆಂದು ತಾವೂ ತಿರುಗಿದರು. ಶಿವಲಿಂಗವ್ವ ಬದುವಿನ ಮೇಲೆ ಕೂತಲ್ಲೇ ಕೋಲಿನಿಂದ ಹುಲ್ಲು ಕೆದರುತ್ತ, ಅಲ್ಲಿ ಏನೋ ಕಳೆದುಕೊಂಡವಳಂತೆ ಹುಡುಕುತ್ತಿದ್ದಳು.

ಅನುಜಾ ಅವಳ ಹತ್ತಿರ ಹೋಗಿ ನಿಂತಳು. ಬಸ್ಸಿನಲ್ಲಿ, ಕಚೇರಿಯಲ್ಲಿ, ಅಂಗಡಿಯಲ್ಲಿ ದಿನಕ್ಕೆ ಇಪ್ಪತ್ತು ಸಲ ಆಡುವ, ಉಪಕಾರ ನೆನೆಯುವ ಶಬ್ದವೊಂದು ಬಾಯಿಯವರೆಗೆ ಬಂತು. ಅದನ್ನು ಆಡಿದ್ದರೆ ಮುದುಕಿ ಏನೂ ಅನ್ನುತ್ತಿರಲಿಲ್ಲ. ಎಂಟನೆಯ ವಯಸ್ಸಿನಲ್ಲಿ ತಲೆಗೆ ಬಿದ್ದ ಮೊಟಕು ಎಲ್ಲಿಯೋ ಬೆಚ್ಚಗೆ ಎದ್ದಿತು. ಅವಳು ಆ ಶಬ್ದವನ್ನು ನುಂಗಿದಳು. ಚಪ್ಪಲಿ ಕೈಯಲ್ಲಿ ಹಿಡಿದು, ಕಾಕಾನ ಹಿಂದೆ, ನೀರಿನ ಜೊತೆಗೇ ಊರ ಕಡೆ ಇಳಿದಳು.